ಇಐನವರು ಬರೆದುಕೊಂಡು ಹೋಗುವ ಮಾಹಿತಿ ಎಲ್ಲಿಗೆ ಹೋಗುತ್ತದೆ?

ಅಮೆರಿಕದಲ್ಲಿರುವ ಕನ್ನಡದ ಸ್ನೇಹಿತರು ನನಗೆ ಫೋನ್ ಮಾಡಿ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಮಗುವಿಗೆ ಎರಡು ವರ್ಷ ಆಗುತ್ತಾ ಬಂತು, ಇನ್ನೂ ಮಾತು ಸರಿಯಾಗಿ ಬಂದಿಲ್ಲ, ಡಾಕ್ಟರು ಇಐ, ಅಂದರೆ ಅರ್ಲಿ ಇಂಟರ್ವೆನ್ಷನ್‌ಗೆ ಫೋನ್ ಮಾಡಿ ಅಂದರು, ಅವರು ಮನೆಗೆ ಬಂದು ರಾಶಿ ಪ್ರಶ್ನೆ ಕೇಳಿ ಲ್ಯಾಪ್‌ಟಾಪಿನಲ್ಲಿ ಬರೆದುಕೊಂಡು ಹೋದರು, ಅದೆಲ್ಲ ಎಲ್ಲಿಗೆ ಹೋಗುತ್ತದೆ ಮಾರಾಯ? ಮುಂದೆ ಸ್ಕೂಲಿನಲ್ಲಿ ಮಗುವಿನ ಹೆಸರಿಗೆ ಅಂಟಿಕೊಂಡುಬಿಡುತ್ತಾ? ವೀಸಾಗೆ ಏನಾದರೂ ತೊಂದರೆ ಆಗುತ್ತಾ?

ನಾನು ಇಲ್ಲಿನ ಒಂದು ರಾಜ್ಯದ ಇಐ ಕಾರ್ಯಕ್ರಮದಲ್ಲಿ ಡೇಟಾ ಕೆಲಸ ಮಾಡುತ್ತೇನೆ. ಯಾವ ರಾಜ್ಯ ಅನ್ನುವುದು ಬೇಡ. ಫೋನಿನಲ್ಲಿ ಹೇಳಿದ್ದನ್ನೇ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಇಲ್ಲಿ ಬರೆದು ಹಾಕುತ್ತಿದ್ದೇನೆ. ಇನ್ನು ಯಾರಾದರೂ ಕೇಳಿದರೆ ಲಿಂಕ್ ಕಳಿಸಿದರಾಯಿತು.

ಮೊದಲು ಸ್ವಲ್ಪ ಹಿನ್ನೆಲೆ. ಹುಟ್ಟಿನಿಂದ ಮೂರು ವರ್ಷ ತುಂಬುವವರೆಗಿನ ಮಕ್ಕಳ ಬೆಳವಣಿಗೆಯಲ್ಲಿ ತಡ ಕಂಡರೆ, ಅಥವಾ ಡೌನ್ ಸಿಂಡ್ರೋಮ್, ಕಿವಿ ಕೇಳಿಸದಿರುವುದು ಇಂಥದ್ದು ಇದ್ದರೆ, ಸ್ಪೀಚ್ ಥೆರಪಿ, ಫಿಸಿಕಲ್ ಥೆರಪಿ ಮುಂತಾದ ಸೇವೆಗಳನ್ನು ಮನೆಗೇ ತಂದು ಕೊಡುವ ವ್ಯವಸ್ಥೆ ಇದು. ಇದಕ್ಕೆ ಕಾನೂನು ಬಂದಿದ್ದು 1986ರಲ್ಲಿ. ಆಗ ಅದನ್ನು ಪಾರ್ಟ್ ಎಚ್ ಅನ್ನುತ್ತಿದ್ದರು. 1997ರ ತಿದ್ದುಪಡಿಯಲ್ಲಿ ಅದೇ ಪಾರ್ಟ್ ಸಿ ಆಯಿತು. ಐಡಿಇಎ ಎಂಬ, ಅಂಗವೈಕಲ್ಯ ಇರುವ ಮಕ್ಕಳ ಶಿಕ್ಷಣದ ದೊಡ್ಡ ಕಾನೂನಿನ ಒಂದು ಭಾಗ ಇದು. ಮೂರು ವರ್ಷದ ಮೇಲೆ ಸ್ಕೂಲಿನವರು ನೋಡಿಕೊಳ್ಳುವುದು ಪಾರ್ಟ್ ಬಿ. ಎರಡೂ ಒಂದೇ ಕಾನೂನಿನಲ್ಲಿದ್ದರೂ ಇವೆರಡರ ಕಂಪ್ಯೂಟರುಗಳು ಒಂದರ ಮುಖ ಇನ್ನೊಂದು ನೋಡಿಲ್ಲ ಅನ್ನುವಂಥ ರಾಜ್ಯಗಳೂ ಇವೆ.

ಕಾನೂನು ಫೆಡರಲ್ ಸರ್ಕಾರದ್ದಾದರೂ ನಡೆಸುವುದು ರಾಜ್ಯ. ಯಾವ ಇಲಾಖೆ ನಡೆಸಬೇಕು ಅನ್ನುವುದನ್ನು ಗವರ್ನರ್ ತೀರ್ಮಾನಿಸುತ್ತಾರೆ. ನ್ಯೂಯಾರ್ಕ್, ನ್ಯೂಜೆರ್ಸಿಯಲ್ಲಿ ಆರೋಗ್ಯ ಇಲಾಖೆ. ಮೇರಿಲ್ಯಾಂಡಿನಲ್ಲಿ ಶಿಕ್ಷಣ ಇಲಾಖೆ. ಕ್ಯಾಲಿಫೋರ್ನಿಯಾದಲ್ಲಿ ಅಂಗವೈಕಲ್ಯ ಸೇವೆಗಳಿಗೇ ಬೇರೆ ಇಲಾಖೆ ಇದೆ, ಅದು ನೋಡಿಕೊಳ್ಳುತ್ತದೆ. ಇದು ಸುಮ್ನೆ ಆಡಳಿತದ ವಿಷಯ ಅಂತ ಅನ್ನಿಸಬಹುದು, ಆದರೆ ಡೇಟಾದ ಹಣೆಬರಹ ಬರೆಯುವುದೇ ಇದು. ಆರೋಗ್ಯ ಇಲಾಖೆ ಕಟ್ಟಿಸಿದ ಸಿಸ್ಟಮ್‌ನಲ್ಲಿ ಮೆಡಿಕೇಡ್ (ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆ) ಬಿಲ್ಲಿಂಗ್ ಚೆನ್ನಾಗಿರುತ್ತದೆ, ಸ್ಕೂಲಿನ ಜೊತೆ ಸಂಪರ್ಕ ಕಷ್ಟ. ಶಿಕ್ಷಣ ಇಲಾಖೆಯದ್ದಾದರೆ ಮಗುವಿಗೆ ಹುಟ್ಟಿದ ಕೆಲವೇ ತಿಂಗಳಲ್ಲಿ ವಿದ್ಯಾರ್ಥಿ ನಂಬರ್ ಸಿಕ್ಕಿಬಿಡಬಹುದು, ಆದರೆ ಆಸ್ಪತ್ರೆ ಕಡೆಯ ಮಾಹಿತಿ ಬರುವುದು ಫ್ಯಾಕ್ಸಿನಲ್ಲಿ. ಹೌದು, ಇನ್ನೂ ಫ್ಯಾಕ್ಸ್. ನಮ್ಮ ಕಡೆ ಡಾಕ್ಟರ್ ಆಫೀಸುಗಳಿಂದ ಬರುವ, ಈ ಮಗುವನ್ನು ನೋಡಿ ಅನ್ನುವ ರೆಫರಲ್‌ಗಳನ್ನು ನೋಡಿದರೆ ಈ ದೇಶ ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ್ದು ನಿಜಾನಾ ಅಂತ ಅನುಮಾನ ಬರುತ್ತದೆ.

ಒಂದೊಂದು ರಾಜ್ಯದ ಸಿಸ್ಟಮ್‌ಗೂ ಒಂದೊಂದು ಹೆಸರು. ಟೆಕ್ಸಾಸಿನದ್ದು ಟಿಕಿಡ್ಸ್, ಯೂಟಾದ್ದು ಬಿಟಾಟ್ಸ್, ಜಾರ್ಜಿಯಾದ್ದು ಬಿಬ್ಸ್, ಪೆನ್ಸಿಲ್ವೇನಿಯಾದ್ದು ಪೆಲಿಕನ್. ನ್ಯೂಯಾರ್ಕಿನ ಹಳೇ ಸಿಸ್ಟಮ್ ಎನ್‌ವೈಇಐಎಸ್ 2010ರ ಸುಮಾರಿಗೆ ಶುರುವಾಗಿತ್ತು. 2024ರಲ್ಲಿ ಅದರ ಜಾಗಕ್ಕೆ ಇಐ-ಹಬ್ ತಂದಾಗ, ಥೆರಪಿಸ್ಟುಗಳಿಗೆ ದುಡ್ಡು ಬರುವುದು ತಡವಾಗಿ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಇಂಥ ಬದಲಾವಣೆ ಎಲ್ಲಿ ಆದರೂ ನಾವು ಉಳಿದವರು ಉಸಿರು ಬಿಗಿಹಿಡಿದು ನೋಡುತ್ತೇವೆ, ನಾಳೆ ನಮ್ಮ ಸರದಿ ತಾನೇ.

ಈಗ ನಿಮ್ಮ ಮಗುವಿನ ವಿಷಯಕ್ಕೆ ಬರೋಣ.

ಗಡಿಯಾರ ಶುರುವಾಗುವುದು ರೆಫರಲ್ ಬಂದ ದಿನ. ಡಾಕ್ಟರಿಗೋ ಆಸ್ಪತ್ರೆಗೋ ಮಗುವಿನ ಬಗ್ಗೆ ಗೊತ್ತಾದ ಮೇಲೆ ಆದಷ್ಟು ಬೇಗ, ಹೆಚ್ಚೆಂದರೆ 7 ದಿನದೊಳಗೆ ಕಳಿಸಬೇಕು ಅನ್ನುತ್ತದೆ ನಿಯಮ. ತಂದೆತಾಯಿ ತಾವೇ ಫೋನ್ ಮಾಡಿದರೂ ಅದು ರೆಫರಲ್ಲೇ, ಡಾಕ್ಟರ ಚೀಟಿ ಬೇಕಿಲ್ಲ. ಅಲ್ಲಿಂದ 45 ದಿನದೊಳಗೆ ಇವ್ಯಾಲ್ಯುಯೇಷನ್, ಅಂದರೆ ಮಗುವಿನ ಬೆಳವಣಿಗೆಯ ಪರೀಕ್ಷೆ, ಮುಗಿಯಬೇಕು, ಅರ್ಹತೆ ಇದ್ದರೆ ಐಎಫ್‌ಎಸ್‌ಪಿ ಮೀಟಿಂಗೂ ಆಗಬೇಕು. ಐಎಫ್‌ಎಸ್‌ಪಿ ಅಂದರೆ ಮಗುವಿಗೆ ಮತ್ತು ಮನೆಯವರಿಗೆ ಯಾವ ಸೇವೆ, ವಾರಕ್ಕೆ ಎಷ್ಟು ಸಲ, ಏನು ಗುರಿ ಅಂತ ಬರೆದ ಯೋಜನೆ. 45 ದಿನ ಅಂದರೆ ಕ್ಯಾಲೆಂಡರಿನ ದಿನ. ಶನಿವಾರ, ಭಾನುವಾರ, ಕ್ರಿಸ್‌ಮಸ್ ರಜೆ ಎಲ್ಲವೂ ಸೇರಿ.

ರಾಜ್ಯಗಳನ್ನು ಅಳೆಯುವ ಫೆಡರಲ್ ಲೆಕ್ಕದಲ್ಲಿ ಈ 45 ದಿನ ಏಳನೇ ಸೂಚಕ. ಗುರಿ ನೂರಕ್ಕೆ ನೂರು. 99 ಬಂದರೂ ಗುರಿ ಮುಟ್ಟಿಲ್ಲ ಅಂತಲೇ ಅರ್ಥ. ಆದರೆ ತಡವಾದದ್ದಕ್ಕೆ ಕಾರಣ ಮನೆಯವರ ಕಡೆಯದ್ದಾಗಿ, ಅದನ್ನು ಫೈಲಿನಲ್ಲಿ ಬರೆದಿಟ್ಟಿದ್ದರೆ, ಅದು ತಡ ಅಂತ ಎಣಿಕೆಯಾಗುವುದಿಲ್ಲ. ಇಲ್ಲೇ ಇರುವುದು ಮಜಾ.

ಒಂದು ಫೈಲನ್ನು ಹತ್ತಿರದಿಂದ ನೋಡೋಣ, ಯಾರದ್ದೂ ಅಲ್ಲ, ನಾನು ನೋಡುವ ಎಷ್ಟೋ ಫೈಲುಗಳನ್ನು ಬೆರೆಸಿ ಮಾಡಿದ್ದು. ನವೆಂಬರ್ ಕೊನೆಗೆ ರೆಫರಲ್ ಬಂದಿದೆ. ಮಗುವಿನ ಕೇಸು ನೋಡಿಕೊಳ್ಳುವ ಸರ್ವಿಸ್ ಕೋಆರ್ಡಿನೇಟರ್ ಫೋನ್ ಮಾಡಿ ಮಂಗಳವಾರ ಹತ್ತು ಗಂಟೆಗೆ ಇವ್ಯಾಲ್ಯುಯೇಷನ್‌ಗೆ ಬರಬಹುದಾ ಅಂತ ಕೇಳಿದ್ದಾರೆ. ಅಮ್ಮನಿಗೆ ಅವತ್ತು ಆಫೀಸಿನಲ್ಲಿ ಸಾಫ್ಟ್‌ವೇರ್ ರಿಲೀಸ್. ಗುರುವಾರ ಆಗುತ್ತಾ ಅಂದಿದ್ದಾರೆ. ಗುರುವಾರ ಜನ ಇಲ್ಲ, ಮುಂದಿನ ಖಾಲಿ ಸಮಯ ಮೂರು ವಾರ ಆಚೆ. ಅಷ್ಟರಲ್ಲಿ ಮನೆಯವರು ತಂಗಿ ಮದುವೆಗೆ ಅಂತ ಬೆಂಗಳೂರಿಗೆ ಹೊರಟಿದ್ದಾರೆ. ವಾಪಸ್ ಬಂದ ಮೇಲೆ ಇವ್ಯಾಲ್ಯುಯೇಷನ್ ಆಗಿದೆ, ಒಟ್ಟು ಎಣಿಸಿದರೆ 45 ದಾಟಿ ಎಲ್ಲೋ ಹೋಗಿದೆ. ಈಗ ಸ್ಕ್ರೀನಿನ ಮೇಲೆ ಒಂದು ಡ್ರಾಪ್‌ಡೌನ್ ಬರುತ್ತದೆ, ತಡಕ್ಕೆ ಕಾರಣ ಆರಿಸಿ ಅಂತ. ಮನೆಯವರ ಕಾರಣ. ಸಿಬ್ಬಂದಿ ಕೊರತೆ. ದುಭಾಷಿ ಸಿಗಲಿಲ್ಲ. ಹವಾಮಾನ. ಒಂದನ್ನೇ ಆರಿಸಬೇಕು. ನೀವಾದರೆ ಯಾವುದನ್ನು ಆರಿಸುತ್ತೀರಿ? ಮದುವೆಗೆ ಹೋಗಿದ್ದು ನಿಜ, ಮನೆಯವರ ಕಾರಣ ಅಂತ ಒತ್ತಿದರೆ ಸುಳ್ಳಾಗುವುದಿಲ್ಲ. ಗುರುವಾರ ಜನ ಇದ್ದಿದ್ದರೆ ಮದುವೆಗೆ ಮುಂಚೆಯೇ ಮುಗಿಯುತ್ತಿತ್ತು ಅನ್ನುವುದೂ ನಿಜ. ಮೊದಲನೆಯದನ್ನು ಒತ್ತಿದರೆ ಕಾರ್ಯಕ್ರಮ ಪಾಸು. ಎರಡನೆಯದನ್ನು ಒತ್ತಿದರೆ ಫೇಲು, ಮೇಲಿನಿಂದ ಪತ್ರ ಬರುತ್ತದೆ, ಒಂದು ವರ್ಷದೊಳಗೆ ಸರಿಪಡಿಸಿ ತೋರಿಸಬೇಕು.

ಕೋಆರ್ಡಿನೇಟರುಗಳು ಕಳ್ಳಲೆಕ್ಕ ಬರೆಯುತ್ತಾರೆ ಅಂತ ನಾನು ಹೇಳುತ್ತಿಲ್ಲ. ನನಗೆ ಗೊತ್ತಿರುವವರಲ್ಲಿ ಹೆಚ್ಚಿನವರು ಕಡಿಮೆ ಸಂಬಳಕ್ಕೆ ಕೈತುಂಬ ಕೇಸು ಇಟ್ಟುಕೊಂಡು, ಕಾರಿನಲ್ಲೇ ಊಟ ಮಾಡುತ್ತಾ ಓಡಾಡುವವರು. ನನ್ನ ತಕರಾರು ಆ ಡ್ರಾಪ್‌ಡೌನ್ ಮೇಲೆ. ಎರಡು ಕಾರಣ ಇರುವ ಕಡೆ ಒಂದನ್ನೇ ಕೇಳಿದರೆ, ಉತ್ತರ ಯಾವ ಕಡೆ ವಾಲುತ್ತದೆ ಅನ್ನುವುದು ಮೊದಲೇ ಗೊತ್ತಿರುವ ವಿಷಯ. ವರ್ಷದ ಕೊನೆಗೆ ಚಾರ್ಟ್ ಮಾಡಿದಾಗ ಮನೆಯವರ ಕಾರಣದ ಕಂಬ ಎತ್ತರಕ್ಕೆ ನಿಂತಿರುತ್ತದೆ. ಮೀಟಿಂಗಿನಲ್ಲಿ ಯಾರೋ ಒಬ್ಬರು ಈ ಜನಕ್ಕೆ ಮಕ್ಕಳ ಬಗ್ಗೆ ಕಾಳಜಿಯೇ ಇಲ್ಲ ಅಂದುಬಿಡುತ್ತಾರೆ. ಅದನ್ನು ಕೇಳಿಸಿಕೊಂಡು ಕೂರುವುದು ನನಗೆ ಕಷ್ಟ. ನಮ್ಮಲ್ಲಿ ಈಗ ಕೇಸ್ ನೋಟ್ಸನ್ನೂ ಓದದೆ ಆ ಕಂಬವನ್ನು ಯಾರಿಗೂ ತೋರಿಸಬಾರದು ಅಂತ ನಾನು ಹಟ ಹಿಡಿಯುತ್ತೇನೆ. ಕೆಲವೊಮ್ಮೆ ಗೆಲ್ಲುತ್ತೇನೆ.

ಇನ್ನು ಸೇವೆ ಶುರುವಾದ ಮೇಲೆ. ಪ್ರತಿ ಸಲ ಥೆರಪಿಸ್ಟ್ ಬಂದು ಹೋದಾಗ ಒಂದು ಸೆಷನ್ ನೋಟ್ ಬರೆಯುತ್ತಾರೆ, ಎಷ್ಟು ಹೊತ್ತು, ಏನು ಮಾಡಿದರು, ಮನೆಯವರು ಏನು ಅಭ್ಯಾಸ ಮಾಡಬೇಕು ಅಂತ. ನೀವು ಸಹಿ ಹಾಕುತ್ತೀರಲ್ಲ, ಅದೇ. ಅದರ ಮೇಲೆ ಬಿಲ್ಲು ಹೋಗುತ್ತದೆ. ಯಾವುದೇ ರಾಜ್ಯದಲ್ಲಿ ತುಂಬ ಚೊಕ್ಕವಾಗಿರುವ ಡೇಟಾ ಯಾವುದು ಅಂತ ಕೇಳಿದರೆ ಬಿಲ್ಲಿಂಗ್ ಡೇಟಾ ಅಂತ ಕಣ್ಣು ಮುಚ್ಚಿ ಹೇಳಬಹುದು. ತಾರೀಖು ತಪ್ಪಾದರೆ ದುಡ್ಡು ಬರುವುದಿಲ್ಲ, ಅದಕ್ಕೇ ತಪ್ಪಾಗುವುದಿಲ್ಲ. ದುಡ್ಡಿಗೆ ಸಂಬಂಧ ಇಲ್ಲದ ಕಾಲಮ್ಮುಗಳಲ್ಲಿ ಮಾತ್ರ ಖಾಲಿ ಜಾಗ, ಗೊತ್ತಿಲ್ಲ, ಇತರೆ. ಮನೆಭಾಷೆಯ ಕಾಲಮ್ ಇದಕ್ಕೆ ಒಳ್ಳೇ ಉದಾಹರಣೆ, ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ಇಲ್ಲೊಂದು ತಪ್ಪು ಕಲ್ಪನೆ ಬಿಡಿಸಬೇಕು. ಹೆಚ್ಚು ಮಕ್ಕಳನ್ನು ತೋರಿಸಿದರೆ ರಾಜ್ಯಕ್ಕೆ ಫೆಡರಲ್ ದುಡ್ಡು ಜಾಸ್ತಿ ಬರುತ್ತದೆ, ಅದಕ್ಕೇ ಎಲ್ಲರನ್ನೂ ಸೇರಿಸಿಕೊಳ್ಳುತ್ತಾರೆ ಅನ್ನುವ ಮಾತು ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತದೆ. ಹಾಗಿಲ್ಲ. ಪಾರ್ಟ್ ಸಿ ಅನುದಾನ, 2023ರಲ್ಲಿ ದೇಶಕ್ಕೆಲ್ಲ ಸೇರಿ 54 ಕೋಟಿ ಡಾಲರ್, ಹಂಚಿಕೆಯಾಗುವುದು ಆ ರಾಜ್ಯದಲ್ಲಿ ಆ ವಯಸ್ಸಿನ ಒಟ್ಟು ಎಷ್ಟು ಮಕ್ಕಳಿದ್ದಾರೆ ಅನ್ನುವುದರ ಮೇಲೆ. ಸೇವೆ ಪಡೆಯುವವರು ಎಷ್ಟು ಅನ್ನುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಹೆಚ್ಚು ಮಕ್ಕಳನ್ನು ಹುಡುಕಿದ ರಾಜ್ಯಕ್ಕೆ ಖರ್ಚು ಜಾಸ್ತಿ, ಅಷ್ಟೇ. ಉಳಿದ ದುಡ್ಡು ಮೆಡಿಕೇಡ್, ಇನ್ಶೂರೆನ್ಸ್, ರಾಜ್ಯದ ಬೊಕ್ಕಸ ಅಂತ ನಾಲ್ಕು ಕಡೆಯಿಂದ ಹೊಂದಿಸಬೇಕು. ಕೆಲವು ರಾಜ್ಯಗಳು ಮನೆಯವರಿಂದಲೂ ಆದಾಯಕ್ಕೆ ತಕ್ಕಂತೆ ಒಂದು ಪಾಲು ಕೇಳುತ್ತವೆ, ನಿಮ್ಮ ಸಂಬಳದ ವಿವರ ಕೇಳುವುದು ಅದಕ್ಕೆ. ಇವ್ಯಾಲ್ಯುಯೇಷನ್ ಮತ್ತು ಸರ್ವಿಸ್ ಕೋಆರ್ಡಿನೇಷನ್‌ಗೆ ಮಾತ್ರ ಯಾವ ರಾಜ್ಯದಲ್ಲೂ ನಿಮ್ಮಿಂದ ದುಡ್ಡು ಕೇಳುವ ಹಾಗಿಲ್ಲ.

ವರ್ಷಕ್ಕೊಮ್ಮೆ ಎಲ್ಲ ರಾಜ್ಯಗಳೂ ಒಂದು ದಿನ ಗೊತ್ತುಮಾಡಿ ತಲೆ ಎಣಿಸುತ್ತವೆ. ಅಕ್ಟೋಬರ್ 1ರಿಂದ ಡಿಸೆಂಬರ್ 1ರ ಒಳಗಿನ ಯಾವುದೋ ಒಂದು ದಿನ, ಅವತ್ತು ಚಾಲ್ತಿಯಲ್ಲಿರುವ ಐಎಫ್‌ಎಸ್‌ಪಿ ಎಷ್ಟು ಮಕ್ಕಳಿಗಿದೆ ಅಂತ. ದೇಶದಲ್ಲಿ ಈ ಲೆಕ್ಕ 4 ಲಕ್ಷ ದಾಟುತ್ತದೆ, ಆ ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ ಹೆಚ್ಚುಕಮ್ಮಿ 4. ಇದರ ಜೊತೆಗೆ ಎಲ್ಲಿ ಸೇವೆ ಸಿಕ್ಕಿತು, ಯಾಕೆ ಬಿಟ್ಟು ಹೋದರು, ದೂರುಗಳು ಏನಾದವು ಅನ್ನುವ ಲೆಕ್ಕವೂ ವಾಷಿಂಗ್ಟನ್‌ಗೆ ಹೋಗುತ್ತದೆ. ಆಮೇಲೆ ಫೆಬ್ರವರಿ 1ಕ್ಕೆ ವಾರ್ಷಿಕ ವರದಿ. ಜನವರಿಯಲ್ಲಿ ನನ್ನ ಜೊತೆ ಮಾತಾಡಲು ಯಾರೂ ಇಷ್ಟಪಡುವುದಿಲ್ಲ, ನನ್ನ ಹೆಂಡತಿಯೂ ಸೇರಿ. ಜೂನ್ ಹೊತ್ತಿಗೆ ಫೆಡರಲ್ ಶಿಕ್ಷಣ ಇಲಾಖೆಯವರು ಒಂದೊಂದು ರಾಜ್ಯಕ್ಕೂ ದರ್ಜೆ ಕೊಡುತ್ತಾರೆ. ಎಲ್ಲ ಸರಿಯಿದೆ, ನೆರವು ಬೇಕು, ಮಧ್ಯಪ್ರವೇಶ ಬೇಕು, ತುಂಬಾನೇ ಮಧ್ಯಪ್ರವೇಶ ಬೇಕು, ಹೀಗೆ ನಾಲ್ಕು.

ಗಮನಿಸಿ, ಹೀಗೆ ಹೋಗುವುದು ಬರೀ ಒಟ್ಟು ಸಂಖ್ಯೆ. ನಿಮ್ಮ ಮಗುವಿನ ಹೆಸರು ವಾಷಿಂಗ್ಟನ್‌ಗೆ ಹೋಗುವುದಿಲ್ಲ.

ಆದರೆ ರಾಜ್ಯ ರಾಜ್ಯಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವ ನಕ್ಷೆಗಳನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಅರ್ಹತೆಯ ಗೆರೆ ಎಳೆಯುವುದು ಆಯಾ ರಾಜ್ಯ. ನ್ಯೂಯಾರ್ಕಿನಲ್ಲಿ ಬೆಳವಣಿಗೆಯ ಒಂದು ವಿಭಾಗದಲ್ಲಿ (ಮಾತು, ಓಡಾಟ ಹೀಗೆ) 33 ಶೇಕಡಾ ತಡ ಇರಬೇಕು, ಇಲ್ಲವೇ ಎರಡು ವಿಭಾಗದಲ್ಲಿ 25. ಬೇರೆ ಕಡೆ ಒಂದೇ ವಿಭಾಗದಲ್ಲಿ 25 ಇದ್ದರೂ ಸಾಕು. ಮ್ಯಾಸಚೂಸೆಟ್ಸ್ ಇನ್ನೂ ಮುಂದೆ ಹೋಗಿ, ತಡ ಇನ್ನೂ ಕಾಣದಿದ್ದರೂ ಅಪಾಯ ಇರುವ ಮಕ್ಕಳನ್ನೂ ಸೇರಿಸಿಕೊಳ್ಳುತ್ತದೆ. ಗೆರೆ ಬೇರೆ ಬೇರೆ ಇದ್ದ ಮೇಲೆ ಎಣಿಕೆ ಹೋಲಿಸಿ ಏನು ಪ್ರಯೋಜನ? ಅದೇ ಕಾರಣಕ್ಕೆ, ಡಲ್ಲಾಸ್‌ನಿಂದ ಬಾಸ್ಟನ್‌ಗೆ ಕೆಲಸ ಬದಲಾಯಿಸಿದ ಮನೆಯವರಿಗೆ ಅಲ್ಲಿ ಇಲ್ಲ ಅಂದದ್ದು ಇಲ್ಲಿ ಹೌದು ಆಗಬಹುದು. ಊರು ಬದಲಿಸಿದರೆ ಮತ್ತೆ ಕೇಳಿ, ಸಂಕೋಚ ಬೇಡ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ, ತಲೆನೋವೂ ಆದ ಭಾಗ. ಮಗುವಿನ ಪ್ರಗತಿಯನ್ನು ಅಳೆಯುವುದು.

ಮೂರು ವಿಷಯದಲ್ಲಿ ಅಳೆಯಬೇಕು. ಜನರ ಜೊತೆ ಮಗು ಹೇಗೆ ಬೆರೆಯುತ್ತದೆ. ಕಲಿಯುವುದು, ಕಲಿತದ್ದನ್ನು ಬಳಸುವುದು, ಮಾತೂ ಇದರಲ್ಲೇ ಬಂತು. ಮತ್ತೆ ತನಗೆ ಬೇಕಾದ್ದನ್ನು ತಾನೇ ಹೇಗೆ ಪಡೆದುಕೊಳ್ಳುತ್ತದೆ, ಅಂದರೆ ತಿನ್ನುವುದು, ಬಟ್ಟೆ, ಓಡಾಟ ಇತ್ಯಾದಿ. ಬಹಳಷ್ಟು ರಾಜ್ಯಗಳು ಇದಕ್ಕೆ 1ರಿಂದ 7ರವರೆಗಿನ ಒಂದು ಅಳತೆ ಬಳಸುತ್ತವೆ. 7 ಅಂದರೆ ವಯಸ್ಸಿಗೆ ತಕ್ಕ ಹಾಗೆ ಇದೆ. ಸೇರಿದಾಗ ಒಂದು ಸಲ, ಬಿಡುವಾಗ ಒಂದು ಸಲ. ಕನಿಷ್ಠ ಆರು ತಿಂಗಳು ಸೇವೆ ಪಡೆದವರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಇದು ಪರೀಕ್ಷೆಯ ಅಂಕ ಅಲ್ಲ. ಥೆರಪಿಸ್ಟುಗಳು, ಕೋಆರ್ಡಿನೇಟರ್, ತಂದೆತಾಯಿ ಕೂತು ಮಾತಾಡಿ ಒಂದು ನಂಬರಿಗೆ ಬರಬೇಕು. ಹಾಗಂತ ನಿಯಮ. ನಿಜದಲ್ಲಿ ಎಷ್ಟೋ ಕಡೆ ಮೀಟಿಂಗಿನ ಕೊನೆಯ ಐದು ನಿಮಿಷದಲ್ಲಿ, ಆಚೆ ಕಾರ್ ಸ್ಟಾರ್ಟ್ ಮಾಡುವ ಮುಂಚೆ, ನಂಬರ್ ಬೀಳುತ್ತದೆ.

ನಮ್ಮ ಮನೆಗಳ ಮಟ್ಟಿಗೆ ಈ ಮೂರನೇ ವಿಷಯ ಒಂದು ರಾಮಾಯಣ. ಎರಡೂಕಾಲು ವರ್ಷದ ಹುಡುಗ. ಇವ್ಯಾಲ್ಯುಯೇಟರ್ ಕೇಳುತ್ತಾರೆ, ಚಮಚ ಹಿಡಿದು ತಾನೇ ತಿನ್ನುತ್ತಾನಾ? ಅಮ್ಮ ಇಲ್ಲ ಅನ್ನುತ್ತಾರೆ. ಇಲ್ಲ ಅಂದರೆ ಏನು? ಊರಿನಿಂದ ಅಜ್ಜಿ ಬಂದಿದ್ದಾರೆ, ಅನ್ನ ಸಾರು ತುಪ್ಪ ಕಲಸಿಕೊಂಡು ಬಾಲ್ಕನಿಯಲ್ಲಿ ಅಳಿಲು ತೋರಿಸುತ್ತಾ ತುತ್ತು ಇಡುತ್ತಾರೆ. ಹುಡುಗನ ಕೈಗೆ ಯಾರೂ ಚಮಚ ಕೊಟ್ಟೇ ಇಲ್ಲ. ಬರುವುದಿಲ್ಲ ಅನ್ನುವುದು ಬೇರೆ, ಅವಕಾಶ ಸಿಕ್ಕಿಲ್ಲ ಅನ್ನುವುದು ಬೇರೆ. ಮನೆಯ ಪದ್ಧತಿಯನ್ನು ಗಮನದಲ್ಲಿಟ್ಟುಕೊಂಡೇ ನಂಬರ್ ಕೊಡಬೇಕು ಅಂತ ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಆದರೆ ಕೇಳಿದ್ದಕ್ಕೆ ಬರೀ ಇಲ್ಲ ಅಂದು ನೀವು ಸುಮ್ಮನಾದರೆ ಎದುರಿಗೆ ಕೂತವರಿಗೆ ಅಜ್ಜಿಯ ಕಥೆ ಹೇಗೆ ಗೊತ್ತಾಗಬೇಕು? 6 ಬರಬೇಕಾದ ಕಡೆ 4 ಬೀಳುತ್ತದೆ. ಆರು ತಿಂಗಳಲ್ಲಿ ಅಜ್ಜಿ ವಾಪಸ್ ಹೋಗುತ್ತಾರೆ, ಹುಡುಗ ಡೇಕೇರಿನಲ್ಲಿ ಉಳಿದವರನ್ನು ನೋಡಿ ಎರಡು ವಾರದಲ್ಲಿ ಚಮಚ ಹಿಡಿಯುತ್ತಾನೆ, ಬಿಡುವಾಗ 7. ನಮ್ಮ ವರದಿಯಲ್ಲಿ ಅದು ಕಾರ್ಯಕ್ರಮದ ಸಾಧನೆ! ಬೆಳವಣಿಗೆಯ ವೇಗ ಹೆಚ್ಚಿಸಿಕೊಂಡ ಮಕ್ಕಳ ಶೇಕಡಾವಾರು ಒಂದು ಚೂರು ಮೇಲೆ ಏರುತ್ತದೆ.

ಮಾತಿನ ವಿಷಯದಲ್ಲಿ ಇದು ಇನ್ನೂ ಗಂಭೀರ. ಮಗುವಿನ ಮನೆಭಾಷೆಯಲ್ಲೇ ಇವ್ಯಾಲ್ಯುಯೇಷನ್ ಆಗಬೇಕು, ತೀರಾ ಸಾಧ್ಯವಿಲ್ಲದಿದ್ದರೆ ಮಾತ್ರ ಬೇರೆ ಅನ್ನುತ್ತದೆ ಕಾನೂನು. ಫೋನಿನಲ್ಲಿ ಮನೆಯಲ್ಲಿ ಯಾವ ಭಾಷೆ ಅಂತ ಕೇಳಿದರೆ ನಮ್ಮವರು ಇಂಗ್ಲಿಷ್ ಅಂದುಬಿಡುತ್ತಾರೆ. ಇಂಗ್ಲಿಷ್ ಬರುವುದಿಲ್ಲ ಅಂದುಕೊಂಡಾರು ಅನ್ನುವ ಮುಜುಗರ. ಅಲ್ಲಿಗೆ ಆ ಕಾಲಮ್ ಮುಗಿಯಿತು. ಇಂಗ್ಲಿಷಿನ ಪದಪಟ್ಟಿ ಹಿಡಿದು ಬಂದವರಿಗೆ ಮಗುವಿನ ಹತ್ತು ಪದ ಸಿಗುತ್ತದೆ. ನೀರು, ಹಾಲು, ಬೇಡ, ಬಾ, ತಾತ, ಕಾಕಾ, ಬೌಬೌ, ಆಯ್ತು ಇವೆಲ್ಲ ಎಣಿಕೆಗೇ ಬರುವುದಿಲ್ಲ. ಉಲ್ಟಾನೂ ಆಗುತ್ತದೆ. ಎರಡು ಭಾಷೆ ಇರುವುದಕ್ಕೆ ಮಾತು ತಡ, ತಾನಾಗೇ ಸರಿಹೋಗುತ್ತದೆ ಅಂತ ಯಾರೋ ಹೇಳಿ, ನಿಜವಾಗಿ ಸಹಾಯ ಬೇಕಿದ್ದ ಮಗು ತಡವಾಗಿ ಬರುತ್ತದೆ. ಕನ್ನಡದ ದುಭಾಷಿ ಬೇಕು ಅಂತ ಕೇಳುವ ಹಕ್ಕು ನಿಮಗಿದೆ, ಕೇಳಿ. ನೀವು ಕೇಳಿದ್ದು ದಾಖಲಾದರೆ ನಮ್ಮಂಥವರಿಗೆ ಮುಂದಿನ ವರ್ಷ ಇಷ್ಟು ಜನ ಕನ್ನಡ ಕೇಳಿದ್ದಾರೆ ಅಂತ ತೋರಿಸಲು ಒಂದು ಸಾಲು ಸಿಗುತ್ತದೆ. ಈಗ ಜನಾಂಗದ ಪಟ್ಟಿಯಲ್ಲಿ ನಾವು, ಚೀನಾದವರು, ವಿಯೆಟ್ನಾಂನವರು ಎಲ್ಲ ಏಷ್ಯನ್ ಅನ್ನುವ ಒಂದೇ ಡಬ್ಬಿಯಲ್ಲಿದ್ದೇವೆ.

ಕುಟುಂಬದ ಸರ್ವೆಯೂ ಒಂದಿದೆ. ನಿಮ್ಮ ಹಕ್ಕುಗಳು ಗೊತ್ತಾದವಾ, ಮಗುವಿಗೆ ಏನು ಬೇಕು ಅಂತ ಹೇಳಲು ಧೈರ್ಯ ಬಂತಾ, ಮಗು ಬೆಳೆಯಲು ನೀವು ನೆರವಾಗುವುದು ಹೇಗೆ ಅಂತ ತಿಳಿಯಿತಾ, ಈ ಮೂರನ್ನು ಅಳೆಯಲು. ದಯವಿಟ್ಟು ತುಂಬಿ ಕಳಿಸಿ. ಅದರಲ್ಲೂ ಸಿಟ್ಟು ಬಂದಿದ್ದರೆ ತಪ್ಪದೇ ಕಳಿಸಿ. ಖುಷಿಯಾದವರೇ ಹೆಚ್ಚಾಗಿ ತುಂಬಿದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಇಷ್ಟೆಲ್ಲ ಸೂಚಕ, ತಾರೀಖು, ದರ್ಜೆ ಇದ್ದರೂ ನನ್ನ ಮಟ್ಟಿಗೆ ಈ ವ್ಯವಸ್ಥೆಯ ದೊಡ್ಡ ತೂತು ಬಾಗಿಲ ಹತ್ತಿರವೇ ಇದೆ. ಸೇವೆ ಪಡೆದ ಮಕ್ಕಳ ಬಗ್ಗೆ ನಮಗೆ ರಾಶಿ ಗೊತ್ತು. ರೆಫರಲ್ ಬಂದು, ಫೋನ್ ಎತ್ತದೆ, ಅಥವಾ ಮೊದಲ ಭೇಟಿ ಆಗಿ ಆಮೇಲೆ ಬೇಡ ಅಂದು, ಅಥವಾ ಇವ್ಯಾಲ್ಯುಯೇಷನ್ ಆಗಿ ಅರ್ಹತೆ ಇಲ್ಲ ಅಂತಾಗಿ ಹೋದ ಮಕ್ಕಳು ಯಾರು? ಯಾವ ಊರಿನವರು, ಯಾವ ಭಾಷೆಯವರು, ಕಪ್ಪು ಜನರೇ ಜಾಸ್ತಿಯಾ, ಬಡವರೇ ಜಾಸ್ತಿಯಾ? ಫೆಡರಲ್ ಸರ್ಕಾರ ಅದನ್ನು ಕೇಳುವುದಿಲ್ಲ. ಕೇಳದ ಮೇಲೆ ಎಷ್ಟೋ ರಾಜ್ಯಗಳು ಇಟ್ಟುಕೊಳ್ಳುವುದೂ ಇಲ್ಲ. ಅಮೆರಿಕದ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2023ರ ವರದಿಯಲ್ಲಿ ಇದನ್ನೇ ಎತ್ತಿ ಹಿಡಿಯಿತು. ರೆಫರಲ್, ಸ್ಕ್ರೀನಿಂಗ್, ಇವ್ಯಾಲ್ಯುಯೇಷನ್ ಹಂತಗಳಲ್ಲೇ ಮಕ್ಕಳ ಹಿನ್ನೆಲೆಯ ಮಾಹಿತಿ ಪಡೆಯುವ ಅಧಿಕಾರ ಫೆಡರಲ್ ಶಿಕ್ಷಣ ಇಲಾಖೆಗೆ ಕೊಡುವ ಬಗ್ಗೆ ಇಲ್ಲಿನ ಸಂಸತ್ತು, ಅಂದರೆ ಕಾಂಗ್ರೆಸ್, ಯೋಚಿಸಬೇಕು ಅಂದಿತು. ಆಮೇಲೆ 2025ರ ಮಾರ್ಚಿನಲ್ಲಿ ಅದೇ ಶಿಕ್ಷಣ ಇಲಾಖೆಯ ಸಿಬ್ಬಂದಿಯಲ್ಲಿ ಸುಮಾರು ಅರ್ಧ ಜನರನ್ನು ಕಡಿತ ಮಾಡುವುದಾಗಿ ಘೋಷಣೆಯಾಯಿತು. ಹೊಸ ಡೇಟಾ ಕೇಳುವುದು ಹಾಗಿರಲಿ, ನಾವು ಕಳಿಸುವುದನ್ನು ಓದಲು ಯಾರಿದ್ದಾರೆ ಅಂತ ಈಗ ಕಾಫಿ ಹೊತ್ತಿನಲ್ಲಿ ಮಾತಾಡಿಕೊಳ್ಳುತ್ತೇವೆ.

ಕರ್ನಾಟಕದ ಜೊತೆ ಹೋಲಿಸಿದರೆ ಇಲ್ಲೊಂದು ಸ್ವಾರಸ್ಯ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಆರೋಗ್ಯ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಹೋಗಿ ಎಲ್ಲ ಮಕ್ಕಳನ್ನೂ ತಪಾಸಣೆ ಮಾಡಬೇಕು, ತೊಂದರೆ ಕಂಡವರನ್ನು ಇಂಥ ಮಕ್ಕಳಿಗೆಂದೇ ಇರುವ ಜಿಲ್ಲಾ ಮಟ್ಟದ ಡಿಇಐಸಿ ಕೇಂದ್ರಕ್ಕೆ ಕಳಿಸಬೇಕು. ಅಲ್ಲಿ ಲೆಕ್ಕ ಶುರುವಾಗುವುದೇ ತಪಾಸಣೆಯಾದ ಮಕ್ಕಳಿಂದ. ಇಲ್ಲಿ ಶುರುವಾಗುವುದು ಸೇವೆ ಪಡೆದ ಮಕ್ಕಳಿಂದ. ಅಲ್ಲಿ ಬಾಗಿಲಾಚೆ ನಿಂತವರ ಸಂಖ್ಯೆ ಸಿಗುತ್ತದೆ, ಒಳಗೆ ಬಂದ ಮೇಲೆ ವಾರ ವಾರ ಏನಾಯಿತು ಅನ್ನುವುದನ್ನು ಹಿಂಬಾಲಿಸುವುದು ಕಷ್ಟ. ಇಲ್ಲಿ ಅದರ ತಿರುಗುಮುರುಗು.

ಅಮೆರಿಕದಲ್ಲೂ ಒಂದು ಕಡೆ ಮಾತ್ರ ಬಾಗಿಲಾಚೆಯ ಲೆಕ್ಕ ಚೆನ್ನಾಗಿದೆ, ಹುಟ್ಟಿದ ಮಕ್ಕಳ ಶ್ರವಣ ತಪಾಸಣೆಯಲ್ಲಿ. ಅವರ ಸೂತ್ರ 1-3-6. ಒಂದು ತಿಂಗಳೊಳಗೆ ಸ್ಕ್ರೀನಿಂಗ್, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಇಐ. ಎಷ್ಟು ಮಕ್ಕಳು ಪರೀಕ್ಷೆಗೆ ಬರದೆ ಕೈತಪ್ಪಿದರು ಅನ್ನುವುದನ್ನೂ ಅವರು ಎಣಿಸುತ್ತಾರೆ. ಸಮಸ್ಯೆ ಬರುವುದು ನಮ್ಮ ಹತ್ತಿರ. ಅವರು ಕಳಿಸಿದ ಮಗು ಸೇರಿತಾ ಅಂತ ಕೇಳಿದರೆ, ಗೌಪ್ಯತೆಯ ನಿಯಮದಿಂದಾಗಿ ತಂದೆತಾಯಿಯ ಒಪ್ಪಿಗೆ ಇಲ್ಲದೆ ನಾವು ಸಾಮಾನ್ಯವಾಗಿ ಉತ್ತರ ಕೊಡುವ ಹಾಗಿಲ್ಲ. ಕೆಲವು ರಾಜ್ಯಗಳು ಮೊದಲ ದಿನವೇ ಆ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯುತ್ತವೆ. ಅದನ್ನು ನಿಮ್ಮ ಮುಂದೆ ಇಟ್ಟಾಗ ಓದಿ ನೋಡಿ, ಸುಮ್ನೆ ತಳ್ಳಿಹಾಕಬೇಡಿ.

ಬಿಟ್ಟು ಹೋದವರ ಪಟ್ಟಿಯಲ್ಲಿ ಹತ್ತು ಕಾರಣಗಳಿವೆ. ಗುರಿ ಮುಟ್ಟಿ ಅರ್ಹತೆ ಮುಗಿದದ್ದು, ಪಾರ್ಟ್ ಬಿಗೆ ಹೋದದ್ದು, ತಂದೆತಾಯಿ ಹಿಂದೆಗೆದುಕೊಂಡದ್ದು ಹೀಗೆ. ತೀರಿಕೊಂಡ ಮಕ್ಕಳಿಗೂ ಒಂದು ಕೋಡ್ ಇದೆ, ಆ ಸಾಲು ಬಂದಾಗ ಎಷ್ಟು ವರ್ಷವಾದರೂ ಒಂದು ಕ್ಷಣ ಕೈ ನಿಲ್ಲುತ್ತದೆ. ಸಂಪರ್ಕಿಸಲು ಪ್ರಯತ್ನಿಸಿದರೂ ಸಿಗಲಿಲ್ಲ ಅನ್ನುವುದು ಇನ್ನೊಂದು. ಇದರಲ್ಲಿ ಎಷ್ಟು ಜನ ಬಾಡಿಗೆ ಕಟ್ಟಲಾಗದೆ ಮನೆ ಬಿಟ್ಟವರು, ಎಷ್ಟು ಜನ ಫೋನ್ ನಂಬರ್ ಬದಲಿಸಿದವರು, ಎಷ್ಟು ಜನ ಗೊತ್ತಿಲ್ಲದ ನಂಬರ್ ಅಂತ ಎತ್ತದವರು? ಕೋಡ್‌ಗೆ ಗೊತ್ತಿಲ್ಲ. ನಮ್ಮವರು ಬರುವುದು ಇನ್ನೊಂದರಲ್ಲಿ, ರಾಜ್ಯ ಬಿಟ್ಟು ಹೋದರು ಅನ್ನುವುದರಲ್ಲಿ. ಪಕ್ಕದ ರಾಜ್ಯಕ್ಕೆ ಹೋದರೂ ಅದೇ, ವೀಸಾ ಮುಗಿದು ಮೈಸೂರಿಗೆ ವಾಪಸ್ ಹೋದರೂ ಅದೇ ಕೋಡ್.

ವೀಸಾ ವಿಷಯ ಬಂತಲ್ಲ. ಪಾರ್ಟ್ ಸಿ ಅರ್ಹತೆಗೆ ಮಗುವಿನ ವಯಸ್ಸು, ವಾಸ, ಬೆಳವಣಿಗೆ ಇಷ್ಟೇ ಲೆಕ್ಕ. ವೀಸಾ ಯಾವುದು ಅನ್ನುವುದು ಅರ್ಹತೆಯ ನಿಯಮದಲ್ಲಿಲ್ಲ.

ಸ್ಕೂಲಿನ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ. ಮೂರು ತುಂಬುವುದಕ್ಕೆ ಕನಿಷ್ಠ 90 ದಿನ ಮುಂಚೆ, ಪಾರ್ಟ್ ಬಿಗೆ ಅರ್ಹವಾಗಬಹುದಾದ ಮಗುವಿನ ಹೆಸರು, ಹುಟ್ಟಿದ ದಿನ, ನಿಮ್ಮ ಸಂಪರ್ಕದ ವಿವರವನ್ನು ನಾವು ಸ್ಕೂಲ್ ಡಿಸ್ಟ್ರಿಕ್ಟ್‌ಗೆ ಕಳಿಸಲೇಬೇಕು. ಇದಕ್ಕೆ ನಿಮ್ಮ ಒಪ್ಪಿಗೆ ಬೇಕಿಲ್ಲ, ಆದರೆ ಬೇಡ ಅನ್ನುವ ಅವಕಾಶ ಇಟ್ಟಿರುವ ರಾಜ್ಯಗಳಿವೆ. ನಿಮ್ಮ ರಾಜ್ಯದಲ್ಲಿ ಇದೆಯಾ ಅಂತ ಕೋಆರ್ಡಿನೇಟರನ್ನು ಕೇಳಿ. ಅದಕ್ಕಿಂತ ಜಾಸ್ತಿ, ಅಂದರೆ ಇವ್ಯಾಲ್ಯುಯೇಷನ್ ವರದಿ, ಐಎಫ್‌ಎಸ್‌ಪಿ ಇವೆಲ್ಲ ಸ್ಕೂಲಿಗೆ ಹೋಗಬೇಕಾದರೆ ಸಾಮಾನ್ಯವಾಗಿ ನಿಮ್ಮ ಸಹಿ ಬೇಕು. ನಾನಾದರೆ ಹಾಕುತ್ತೇನೆ, ಎಲ್ಲವನ್ನೂ ಮತ್ತೆ ಮೊದಲಿಂದ ಹೇಳುವ ಗೋಳು ತಪ್ಪುತ್ತದೆ. ಆದರೆ ಅದು ನಿಮ್ಮ ತೀರ್ಮಾನ.

ಕಡತ ನೋಡಬೇಕು ಅಂತ ನೀವು ಕೇಳಿದರೆ 10 ದಿನದೊಳಗೆ ತೋರಿಸಬೇಕು. ಇವ್ಯಾಲ್ಯುಯೇಷನ್ ಮತ್ತು ಐಎಫ್‌ಎಸ್‌ಪಿಯ ಮೊದಲ ಪ್ರತಿ ಪುಕ್ಕಟೆ. ಏನಾದರೂ ತಪ್ಪು ಬರೆದಿದ್ದರೆ ತಿದ್ದಿ ಅಂತ ಕೇಳಬಹುದು, ಒಪ್ಪದಿದ್ದರೆ ವಿಚಾರಣೆ ಕೇಳಬಹುದು. ಕಾರ್ಯಕ್ರಮಕ್ಕೆ ಇನ್ನು ಆ ಮಾಹಿತಿ ಬೇಕಿಲ್ಲ ಅಂತಾದಾಗ ನಿಮಗೆ ತಿಳಿಸಬೇಕು, ಆಗ ನಾಶ ಮಾಡಿ ಅಂತ ನೀವು ಹೇಳಿದರೆ ಮಾಡಬೇಕು. ಮಗುವಿನ ಹೆಸರು, ಹುಟ್ಟಿದ ದಿನ, ನಿಮ್ಮ ವಿಳಾಸ ಮತ್ತು ಫೋನ್ ನಂಬರ್, ಕೋಆರ್ಡಿನೇಟರ್ ಮತ್ತು ಸೇವೆ ಕೊಟ್ಟವರ ಹೆಸರು, ಬಿಟ್ಟ ವಿವರ ಇಷ್ಟನ್ನು ಮಾತ್ರ ಅವರು ಕಾಯಂ ಇಟ್ಟುಕೊಳ್ಳಬಹುದು.

ನಾಶ ಮಾಡಿಸುವ ಮುಂಚೆ ಒಂದು ಪ್ರತಿ ಮನೆಯಲ್ಲಿಟ್ಟುಕೊಳ್ಳಿ. ಊರಿಗೆ ವಾಪಸ್ ಹೋಗುವವರಂತೂ ಟಿಕೆಟ್ ಬುಕ್ ಮಾಡಿದ ದಿನವೇ ಕೇಳಿಬಿಡಿ, ಕೊನೆಯ ವಾರ ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ. ಇವ್ಯಾಲ್ಯುಯೇಷನ್ ವರದಿ, ಎಲ್ಲ ಐಎಫ್‌ಎಸ್‌ಪಿಗಳು, ಕೊನೆಯ ಕೆಲವು ತಿಂಗಳ ಸೆಷನ್ ನೋಟ್ಸ್, ಶ್ರವಣ ಪರೀಕ್ಷೆಯ ಫಲಿತಾಂಶ. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ನಿಮ್ಮ ಜಿಲ್ಲೆಯ ಡಿಇಐಸಿಗೋ ಹೋದಾಗ ಅಲ್ಲಿನವರಿಗೆ ಇವು ಉಪಯೋಗಕ್ಕೆ ಬರುತ್ತವೆ. ಆ 1ರಿಂದ 7ರ ನಂಬರಿನ ಹಾಳೆಯನ್ನೂ ಕೇಳಿ. ಐಎಫ್‌ಎಸ್‌ಪಿಯಲ್ಲೇ ಅದು ಸೇರಿಲ್ಲದ ರಾಜ್ಯದಲ್ಲಿ ಬಾಯಿಬಿಟ್ಟು ಕೇಳದಿದ್ದರೆ ಯಾರೂ ಕೊಡುವುದಿಲ್ಲ.